ಮೆಟ್ಟಿಲ ಮೇಲಿನ ಮೂರನೆಯ ಕೂಗು

ಕಲಬುರಗಿಯ ಕೋರ್ಟುಗಳಲ್ಲಿ ನಾನು ಮೂವತ್ತೊಂದು ವರ್ಷ ಜವಾನನಾಗಿದ್ದೆ. ಕಾಗದದಲ್ಲಿ ದಲಾಯತ್ ಎಂದು ಬರೆಯುತ್ತಾರೆ. ಓದಿದ್ದು ಏಳನೆಯ ತರಗತಿ. ಈಗ ನಿವೃತ್ತನಾಗಿ ಇದೇ ಊರಿನ ಗಾಜಿಪುರದ ಮನೆಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರಿಗೆ ಉಪಯೋಗವಾದೀತು ಎಂದು ಬರೆಯಲು ಕುಳಿತೆ. ಆದರೆ ಅದಷ್ಟೇ ಕಾರಣವಲ್ಲ. ಉಳಿದದ್ದು ಓದುತ್ತ ಹೋದಂತೆ ತಿಳಿಯುತ್ತದೆ.

ಫೈಲು ಹೊರುವುದು, ನ್ಯಾಯಾಧೀಶ ಸಾಹೇಬರ ಮೇಜಿನ ಮೇಲೆ ನೀರಿಡುವುದು ಯಾರೂ ಹೇಳಿಕೊಡದೆ ಬರುತ್ತದೆ. ಕಲಿಯಬೇಕಾದದ್ದು ಹೆಸರು ಕೂಗುವುದನ್ನು ಮಾತ್ರ. ನನಗೆ ಅದನ್ನು ಕಲಿಸಿದವರು ಮಹಬೂಬ್ ಚಾಚಾ. ನಾನು ಸೇರಿದಾಗ ಅವರ ನೌಕರಿ ಇನ್ನೂ ನಾಲ್ಕು ವರ್ಷ ಉಳಿದಿತ್ತು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ. ಅಂಥ ಶರೀರದಿಂದ ಅಷ್ಟು ದೊಡ್ಡ ದನಿ ಹೊರಡುವುದನ್ನು ಕೇಳಿ ಮೊದಲ ದಿನವೇ ಬೆಚ್ಚಿಬಿದ್ದೆ.

"ಪೈಲಾ ಅವಾಜ್ ಸಾಬ್ ಕೂ, ದೂಸ್ರಾ ವಕೀಲಾಂ ಕೂ, ತೀಸ್ರಾ ಗರೀಬ್ ಕೂ," ಎಂದರು ಚಾಚಾ.

ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅವರೇ ಕನ್ನಡದಲ್ಲಿ ಬಿಡಿಸಿ ಹೇಳಿದರು. "ನೋಡ ಬೇಟಾ. ಮೊದಲನೇ ಕೂಗು ಒಳಗ ನಿಂತು. ಅದು ಸಾಹೇಬರಿಗಿ, ನಾವು ಕೆಲಸ ಮಾಡಾಕತ್ತೀವಿ ಅಂತ ಗೊತ್ತಾಗ್ಲಿ ಅಂತ. ಎರಡನೇದ್ದು ವರಾಂಡದಾಗ, ವಕೀಲರಿಗಿ. ಮೂರನೇದ್ದು ಮೆಟ್ಟಿಲ ತುದಿಗಿ ಹೋಗಿ, ಕೆಳಗ ಬೇವಿನ ಗಿಡದ ಕಡಿಗಿ ಮಾರಿ ಮಾಡಿ. ಬಡವ ಒಳಗ ಬರಲಾಕ ಅಂಜ್ತಾನ, ಅಲ್ಲೇ ಕುಂತಿರ್ತಾನ. ಅವಗ ಮುಟ್ಲಿಲ್ಲ ಅಂದ್ರ ಕೂಗೇ ಅಲ್ಲ."

ಕೋರ್ಟು ಮೊದಲ ಮಹಡಿಯಲ್ಲಿತ್ತು. ಬೇವಿನ ಗಿಡ ಕೆಳಗೆ, ಗೇಟಿನ ಬಳಿ. ಅದರ ಸುತ್ತ ಕಟ್ಟೆ. ಹಳ್ಳಿಯಿಂದ ಬಂದವರೆಲ್ಲ ಬುತ್ತಿ ಬಿಚ್ಚುವುದು, ತೂಕಡಿಸುವುದು, ಅಳುವುದು ಎಲ್ಲ ಅಲ್ಲಿಯೇ. ಆ ಗಿಡದ ತನಕ ದನಿ ಮುಟ್ಟಿಸಲು ನನಗೆ ಹದಿನೈದು ದಿನ ಹಿಡಿಯಿತು. ಸಣ್ಣವನಿದ್ದಾಗ ನಮ್ಮೂರು ಕಮಲಾಪುರದ ಹೊಲದಲ್ಲಿ ಅಕ್ಕನ ಜೊತೆ ಜೋಳದ ತೆನೆಗೆ ಬರುವ ಹಕ್ಕಿಗಳನ್ನು ಕೂಗಿ ಓಡಿಸಲು ನಿಲ್ಲುತ್ತಿದ್ದೆ. ಒಂದು ಬದುವಿನಲ್ಲಿ ಅವಳು, ಇನ್ನೊಂದು ಬದುವಿನಲ್ಲಿ ನಾನು. ಅಲ್ಲಿ ಪಳಗಿದ ಗಂಟಲು ಇಲ್ಲಿ ಕೆಲಸಕ್ಕೆ ಬಂತು.

ದನಿ ಬಂದರೂ ಬುದ್ಧಿ ಬಂದಿರಲಿಲ್ಲ. ಸೇರಿದ ತಿಂಗಳೊಪ್ಪತ್ತಿನಲ್ಲೇ ಚಾಚಾ ರಜೆ ಹಾಕಿದರು. ಅಂದಿನ ಕೇಸುಗಳ ಪಟ್ಟಿ ನನ್ನ ಕೈಗೆ ಬಂತು. ಮೊದಲನೆಯ ಸಾಲಿನಲ್ಲಿ "ಕರ್ನಾಟಕ ರಾಜ್ಯ ವಿರುದ್ಧ ಹಣಮಂತ ತಂದೆ ಭೀಮಶಾ" ಎಂದಿತ್ತು. ನಾನು ವರಾಂಡದಲ್ಲಿ ನಿಂತು, "ಕರ್ನಾಟಕ ರಾಜ್ಯ ಬಂದಾರೇನ್ರೀ?" ಎಂದು ಕೂಗಿದೆ. ಯಾರೂ ಬರಲಿಲ್ಲ. ಮೆಟ್ಟಿಲ ತುದಿಗೆ ಹೋಗಿ ಗಂಟಲು ಹರಿಯುವಂತೆ ಮತ್ತೆ ಕೂಗಿದೆ. ಕೆಳಗಿನಿಂದ ಯಾರೋ, "ರಾಜ್ಯ ಚಾ ಕುಡೀಲಾಕ ಹೋಗ್ಯಾದ್ರೀ! ಬರ್ತದ ತಡೀರಿ!" ಎಂದರು. ಗಿಡದ ಕೆಳಗಿದ್ದವರೆಲ್ಲ ನಕ್ಕರು. ಒಳಗೆ ಸಾಹೇಬರೂ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡಿದ್ದರು.

ಸರ್ಕಾರಿ ವಕೀಲರು ನನ್ನನ್ನು ಹತ್ತಿರ ಕರೆದು ಹೇಳಿದರು. "ನಾನೇ ನೋಡಪಾ ರಾಜ್ಯ. ನನ್ನ ಕೂಗೋದು ಬ್ಯಾಡ, ಇಲ್ಲೇ ಇರ್ತೀನಿ. ಆರೋಪಿನ್ನ ಕೂಗು."

ಸಾಹೇಬರ ಎಡಗಡೆಯಲ್ಲಿ ಅವರ ಕುರ್ಚಿ ಇರುತ್ತಿತ್ತು. ಅವರನ್ನು ಎಲ್ಲರೂ ಪ್ರಾಸಿಕ್ಯೂಷನ್ ಎನ್ನುತ್ತಿದ್ದರು. "ಪ್ರಾಸಿಕ್ಯೂಷನ್ ಏನನ್ನುತ್ತದೆ?" ಎಂದು ಸಾಹೇಬರು ಕೇಳಿದರೆ ಅವರು ಎದ್ದು ನಿಲ್ಲುತ್ತಿದ್ದರು. ಹಾಗಾಗಿ ಆ ಕುರ್ಚಿಯೇ ಪ್ರಾಸಿಕ್ಯೂಷನ್ ಎಂದು ನನ್ನ ತಲೆಯಲ್ಲಿ ಕೂತಿತು. ಎಷ್ಟೋ ವರ್ಷ ದಿನಾ ಬೆಳಿಗ್ಗೆ ಅದರ ಧೂಳು ಒರೆಸಿದ್ದೇನೆ. ಅದರಲ್ಲಿ ಯಾರಾದರೊಬ್ಬರು ಕುಳಿತಿದ್ದರೆ ಕೇಸು ತಾನಾಗಿ ನಡೆಯುತ್ತದೆ ಎಂದು ನಂಬಿದ್ದೆ. ಈ ನಂಬಿಕೆಯನ್ನು ನೆನಪಿಟ್ಟುಕೊಳ್ಳಿರಿ. ಅಕ್ಕನ ವಿಷಯದಲ್ಲಿ ನಾನು ಎಡವಿದ್ದು ಇಲ್ಲಿಯೇ.

ಜನರ ಮಾತಿನಲ್ಲಿ ಕೇಸು ಎಂದರೆ ಇಬ್ಬರ ನಡುವಿನದು. ಅವನು ಇವನ ಮೇಲೆ ಕೇಸು ಹಾಕಿದ, ಇವಳು ಕೇಸು ವಾಪಸು ತೆಗೆದುಕೊಂಡಳು ಎನ್ನುತ್ತೇವೆ. ಕಾನೂನಿನಲ್ಲಿ ಹಾಗಲ್ಲ. ಕೊಲೆ, ಹೊಡೆದಾಟ, ಕಳ್ಳತನದಂಥವು ಪೊಲೀಸರ ಕೈಗೆ ಹೋದ ಮೇಲೆ ಅವು ಸರ್ಕಾರದ ಕೇಸು. ಪೆಟ್ಟು ತಿಂದವನು ಬರೀ ಸಾಕ್ಷಿ. ಇದನ್ನು ನನಗೆ ತಿಳಿಸಿದ್ದು ಯಾವ ವಕೀಲರೂ ಅಲ್ಲ, ಮಗನನ್ನು ಕಳೆದುಕೊಂಡ ಒಬ್ಬ ಮುದುಕಿ. ಬದುವಿನ ಜಗಳದಲ್ಲಿ ಅವಳ ಮಗನನ್ನು ಕೊಡಲಿಯಿಂದ ಕಡಿದಿದ್ದರು. ಅವಳು ಪ್ರತಿ ಪೇಶಿಗೂ, ಅಂದರೆ ಕೇಸಿನ ಪ್ರತಿ ತಾರೀಕಿಗೂ, ಬರುತ್ತಿದ್ದಳು. ಒಂದು ದಿನ ಒಳಗೆ ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು. ಶಿರಸ್ತೇದಾರರು ನನಗೆ ಕಣ್ಸನ್ನೆ ಮಾಡಿದರು. ನಾನು ಹೋಗಿ, "ಯವ್ವಾ, ಹೊರಗ ಕುಂಡ್ರು. ನಿನ್ನ ಸಾಕ್ಷಿ ಬಂದಾಗ ಕೂಗ್ತೀನಿ," ಎಂದೆ.

"ಸಾಕ್ಷಿ ಯಾಕೋ? ಕೇಸ್ ನಂದದ," ಎಂದಳು.

"ಕೇಸ್ ಸರ್ಕಾರದ್ದು ಯವ್ವಾ."

ಅವಳು ನನ್ನ ಮುಖವನ್ನೇ ನೋಡಿದಳು. "ಸರ್ಕಾರದ ಮಗ ಸತ್ತಾನೇನೋ?" ಎಂದಳು. ಅವಳೇ ಎದ್ದು ಹೊರಗೆ ಹೋದಳು. ಆ ದಿನ ನಾನು ಊಟ ಮಾಡಲಿಲ್ಲ.

ಆದರೆ ಅದೇ ಮುದುಕಿ ಒಂದು ಪೇಶಿಗೆ ಜ್ವರ ಬಂದು ಬರಲಿಲ್ಲ. ಕೇಸು ನಿಲ್ಲಲಿಲ್ಲ. ಸರ್ಕಾರಿ ವಕೀಲರು ಕುರ್ಚಿಯಲ್ಲಿದ್ದರು, ಮತ್ತೊಂದು ತಾರೀಕು ಬಿತ್ತು. ಅವಳಿಗೆ ಸಮನ್ಸ್ ಹೋಯಿತು, ಮುಂದಿನ ಸಲ ಬಂದಳು. ಸೆಷನ್ಸ್ ಕೋರ್ಟಿನಲ್ಲಿ ಇಪ್ಪತ್ತು ವರ್ಷ ನಾನು ಕಂಡದ್ದು ಇದನ್ನೇ. ಫಿರ್ಯಾದಿ ಬಂದರೂ ಬರದಿದ್ದರೂ ಸರ್ಕಾರ ಗಾಡಿ ಎಳೆಯುತ್ತಲೇ ಇತ್ತು. ಹೆಚ್ಚೆಂದರೆ ಒಂದು ತಾರೀಕು ಮುಂದೆ ಹೋದೀತು. ತಾರೀಕು ಮುಂದೆ ಹೋದರೆ ಯಾರ ಗಂಟೇನು?

ಇನ್ನು ಅಕ್ಕನ ಮಾತು.

ಅಕ್ಕನ ಹೆಸರು ಕಾಶೀಬಾಯಿ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಕಮಲಾಪುರದಲ್ಲೇ ಮದುವೆಯಾದಳು. ಗಂಡ ಚಂದ್ರಶಾ ಬೇಗ ತೀರಿಕೊಂಡ. ಅಲ್ಲಿಯ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಸಾಲೆಯ ಸಮಿತಿಗೆ ಆಗ ಬಸವಂತರಾಯ ಎಂಬ ಗೌಡರು ಅಧ್ಯಕ್ಷರು. ಒಂದು ಸಲ ಬಂದ ಬೇಳೆಯಲ್ಲಿ ಹುಳ ಓಡಾಡುತ್ತಿದ್ದವು. ಅಕ್ಕ ಅದನ್ನು ಬೇಯಿಸುವುದಿಲ್ಲ ಎಂದು ಚೀಲವನ್ನು ಸಾಲೆಯ ಅಂಗಳದಲ್ಲಿ ಸುರಿದಳು. ಬೇಳೆ ಕಳಿಸಿದವರು ಬಸವಂತರಾಯರ ಬೀಗರು. ಎಂಟು ದಿನಕ್ಕೆ ಪಾಲಕರ ಸಭೆಯಾಯಿತು. ಎಲ್ಲರ ಎದುರು ಬಸವಂತರಾಯರು ಎದ್ದು ನಿಂತು, "ಬ್ಯಾಳಿ ಸುದ್ದಿ ಬಿಡ್ರಿ. ಈಕಿ ಹುಡುಗರ ಎಣ್ಣಿ ಡಬ್ಬಿ ಡಬ್ಬಿ ಮನೀಗಿ ಒಯ್ತಾಳ, ಅದನ್ನ ಕೇಳ್ರಿ," ಎಂದರು. ಅಕ್ಕನ ಕೆಲಸ ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಓಣಿಯಲ್ಲಿ ಅವಳಿಗೆ ಎಣ್ಣಿ ಕಾಶಿ ಎಂಬ ಹೆಸರು ಬಿತ್ತು. ಅವಳು ಬಡಿಸಿದ ಅನ್ನ ಉಂಡು ಬೆಳೆದ ಹುಡುಗರೇ ಹಾಗೆ ಕರೆಯತೊಡಗಿದರು.

ಅಕ್ಕ ಪೊಲೀಸ್ ಠಾಣೆಗೆ ಹೋದಳು. ಅಲ್ಲಿದ್ದವರು, "ಮಾನ ಹೋಯ್ತು ಅಂದ್ರ ನಾವು ಬರಂಗಿಲ್ಲವಾ. ನೀನೇ ಕೋರ್ಟಿಗಿ ಹೋಗಿ ಫಿರ್ಯಾದಿ ಕೊಡು," ಎಂದು ಕಳಿಸಿದರು. ಅವಳು ಹೋದಳು. ಖೂಬಾ ಪ್ಲಾಟಿನಲ್ಲಿ ಕಚೇರಿ ಇಟ್ಟಿದ್ದ ಒಬ್ಬ ವಕೀಲ ಮೇಡಂ ಅವಳ ಪರವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಮಾನನಷ್ಟದ ಖಾಸಗಿ ಫಿರ್ಯಾದು ಹಾಕಿದರು. ಅಕ್ಕನಿಗೆ ಬೇಕಾದದ್ದು ಪರಿಹಾರವೂ ಅಲ್ಲ, ಜೈಲೂ ಅಲ್ಲ. "ಆಂವ ಎಲ್ಲಾರ ಮುಂದ ಅಂದಾನ. ಅದು ಸುಳ್ಳದ ಅಂತ ಒಬ್ಬ ದೊಡ್ಡ ಮನಶ್ಯಾ ಎಲ್ಲಾರ ಮುಂದ ಹೇಳ್ಬೇಕು. ಅಷ್ಟಾ," ಎನ್ನುತ್ತಿದ್ದಳು.

ಬಸವಂತರಾಯರು ಒಂದಲ್ಲ ಒಂದು ನೆಪ ಹೇಳಿ ತಾರೀಕುಗಳನ್ನು ತಪ್ಪಿಸಿದರು. ಎರಡು ವರ್ಷ ಅಕ್ಕ ಬಸ್ಸು ಹತ್ತಿ ಬಂದು ಹೋದಳು. ಅಷ್ಟರಲ್ಲಿ ನನ್ನನ್ನು ಸೆಷನ್ಸ್ ಕೋರ್ಟಿನಿಂದ ಅದೇ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹಾಕಿದರು. ಅದೂ ಅದೇ ಮಹಡಿಯಲ್ಲಿತ್ತು, ಅದೇ ಮೆಟ್ಟಿಲು, ಅದೇ ಬೇವಿನ ಗಿಡ. ಹೋಗಿ ಹದಿನೈದು ದಿನವೂ ಆಗಿರಲಿಲ್ಲ. ಮರುದಿನದ ಪಟ್ಟಿಯಲ್ಲಿ "ಕಾಶೀಬಾಯಿ ಗಂಡ ಚಂದ್ರಶಾ ವಿರುದ್ಧ ಬಸವಂತರಾಯ" ಎಂದು ನೋಡಿದೆ. ಕರ್ನಾಟಕ ರಾಜ್ಯ ಇರಬೇಕಾದ ಜಾಗದಲ್ಲಿ ನನ್ನ ಅಕ್ಕನ ಹೆಸರಿತ್ತು. ಅದನ್ನು ಕಂಡರೂ ಅದರ ಅರ್ಥ ನನಗೆ ಹೊಳೆಯಲಿಲ್ಲ. ನಾಚಿಕೆ ಮಾತ್ರ ಹೊಳೆಯಿತು. ಇವಳು ನನ್ನ ಅಕ್ಕ ಎಂದು ಶಿರಸ್ತೇದಾರರಿಗೆ ಹೇಳಿದ್ದರೆ ಆ ದಿನಕ್ಕೆ ನನ್ನನ್ನು ಬೇರೆ ಕಡೆ ಹಾಕುತ್ತಿದ್ದರು. ಹೇಳಲಿಲ್ಲ. ಅವಳು ಕಟಕಟೆ ಹತ್ತುತ್ತಾಳೆ, ಎದುರು ವಕೀಲ ಎಣ್ಣೆ ಡಬ್ಬಿಯ ಲೆಕ್ಕ ಕೇಳುತ್ತಾನೆ, ನನ್ನ ಜೊತೆಯವರು ಕೇಳಿ ನಗುತ್ತಾರೆ. ಇದೇ ಕಣ್ಣ ಮುಂದೆ ಬಂತು.

ಅಂದು ಸಂಜೆ ಬಸವಂತರಾಯರು ನನ್ನನ್ನು ಸ್ಟೇಶನ್ ಬಜಾರದ ಒಂದು ಹೋಟೆಲಿಗೆ ಕರೆಸಿದರು. ಹೋಗಬಾರದಿತ್ತು, ಹೋದೆ. ಅವರು ನನಗೆ ಹಣ ಕೊಡಲಿಲ್ಲ, ಕೊಟ್ಟಿದ್ದರೆ ಎದ್ದು ಬರುತ್ತಿದ್ದೆನೋ ಏನೋ. ಮರ್ಯಾದೆ ಕೊಟ್ಟರು.

"ಬರ್ರಿ ರೇವಣಪ್ಪೋರೆ, ಕುಂಡ್ರಿ," ಎಂದು ಕುರ್ಚಿ ಎಳೆದರು. ನಮ್ಮೂರಿನಲ್ಲಿ ಅವರ ಮುಂದೆ ನಾನು ಕುಳಿತವನೇ ಅಲ್ಲ. "ಕಾಶೀಬಾಯಿ ನಮಗೇನು ಹೊರಗಿನಾಕೀ? ಆ ದಿನ ಸಿಟ್ಟಿನ್ಯಾಗ ಬಾಯಿ ತಪ್ಪಿ ಬಂತು. ನಾಳಿಂದು ಒಂದು ಪೇಶಿ ಮುಂದ ಹೋಗ್ಲಿ. ಬರೋ ಅಮಾಸಿ ಒಳಗ ನಾನೇ ಸಾಲ್ಯಾಗ ಎಲ್ಲಾರ ಮುಂದ ತಪ್ಪಾಯ್ತು ಅಂತೀನಿ. ಹೆಣಮಗಳನ್ನ ಕಟಕಟಿ ಹತ್ತಿಸೂದು ನಿಮಗರ ಚೊಲೋ ಅನಸ್ತದೇನ್ರಿ?"

"ತಾರೀಕು ಮುಂದ ಹಾಕೂದು ನನ್ನ ಕೈಯಾಗ ಇಲ್ರಿ ಗೌಡ್ರ."

"ಕೂಗೂದು ನಿಮ್ಮ ಕೈಯಾಗ ಅದ ಅಲ್ರಿ?" ಎಂದು ನಕ್ಕರು.

ನಾನು ಚಹಾ ಕುಡಿದೆ. ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ.

ಮರುದಿನ ಅಕ್ಕ ಮೊದಲ ಬಸ್ಸಿಗೇ ಬಂದಳು. ಇಸ್ತ್ರಿ ಮಾಡಿದ ಇಳಕಲ್ ಸೀರೆ, ಕೈಯಲ್ಲಿ ಕೇಸಿನ ಕಾಗದಗಳ ಚೀಲ. ಒಳಗೆ ಜನ ಕಿಕ್ಕಿರಿದಿದ್ದರು. ಅವಳ ವಕೀಲ ಮೇಡಂ ಬೇರೆ ಕೋರ್ಟಿನಲ್ಲಿ ಒಂದು ಸಾಕ್ಷಿ ನಡೆಸುತ್ತಿದ್ದರು. ಹೆಸರು ಕೂಗಿದ ಕೂಡಲೇ ಒಳಗೆ ಹೋಗಿ ನಿಂತುಕೋ, ನಾನು ಬರುತ್ತೇನೆ ಎಂದಿದ್ದರಂತೆ. ಅಕ್ಕ ಬಾಗಿಲಲ್ಲೇ ನಿಂತಿರುತ್ತೇನೆ ಎಂದಳು. ನಾನೇ ಹೇಳಿದೆ. "ಇಲ್ಲಿ ಎಷ್ಟೊತ್ತು ನಿಂದರ್ತೀ? ಕೆಳಗ ಗಿಡದ ನೆರಳಿಗಿ ಕುಂಡ್ರು. ನಾ ಕೂಗ್ತೀನಲ್ಲ."

"ಮರತೀಯೋ ರೇವ್ಯಾ?"

"ನಿನ್ನ ಹೆಸರ ಮರೀತೀನೇನು?"

ಅವಳು ಇಳಿದು ಹೋದಳು. ಕಟ್ಟೆಯ ಮೇಲೆ ಈ ಕಡೆಗೇ ಮುಖ ಮಾಡಿ ಕುಳಿತದ್ದನ್ನು ಮೇಲಿನಿಂದ ನೋಡಿದೆ.

ಹನ್ನೆರಡರ ಸುಮಾರಿಗೆ ಅವಳ ಕೇಸು ಬಂತು. ಬೆಂಚ್ ಕ್ಲರ್ಕು ಹೆಸರು ಹೇಳಿದರು. ನಾನು ಒಳಗೆ ನಿಂತು ಒಂದು ಸಲ ಕೂಗಿದೆ. ವರಾಂಡಕ್ಕೆ ಬಂದು ಇನ್ನೊಂದು ಸಲ ಕೂಗಿದೆ. ಮೆಟ್ಟಿಲು ಹತ್ತು ಹೆಜ್ಜೆ ದೂರವಿತ್ತು. ಮೂರನೆಯ ಸಲ ಬಾಗಿಲ ಚೌಕಟ್ಟಿಗೆ ಒರಗಿ, ಪಕ್ಕದಲ್ಲಿದ್ದವನಿಗೆ ಹೇಳುವಂತೆ "ಕಾಶೀಬಾಯಿ ಗಂಡ ಚಂದ್ರಶಾ" ಎಂದೆ. ಒಳಗೆ ಬಂದು, "ಗೈರು ಇದ್ದಾರ್ರೀ ಸಾಹೇಬರ," ಎಂದೆ.

ಹತ್ತು ಹೆಜ್ಜೆ. ಮೂವತ್ತೊಂದು ವರ್ಷದಲ್ಲಿ ಆ ಹತ್ತು ಹೆಜ್ಜೆಗಳನ್ನು ನಾನು ಎಷ್ಟು ಸಾವಿರ ಸಲ ನಡೆದಿದ್ದೇನೋ.

ಸಾಹೇಬರು ಹೊಸಬರು. ಹಳೆಯ ಕೇಸುಗಳನ್ನು ಮುಗಿಸಲು ಬಿಗಿಯಾಗಿ ಕುಳಿತಿದ್ದರು. "ಫಿರ್ಯಾದಿ ವಕೀಲರು?" ಎಂದರು. ಯಾರೂ ಏಳಲಿಲ್ಲ. ನಾನು ಎಡಗಡೆಯ ಕುರ್ಚಿ ನೋಡಿದೆ. ಸರ್ಕಾರಿ ವಕೀಲರು ಅದರಲ್ಲೇ ಕುಳಿತಿದ್ದರು, ಬೇರೊಂದು ಫೈಲು ಓದುತ್ತಿದ್ದರು. ಈಗ ಅವರು ಎದ್ದು ಏನಾದರೂ ಹೇಳುತ್ತಾರೆ, ತಾರೀಕು ಬೀಳುತ್ತದೆ ಎಂದು ಕಾದೆ. ಅವರು ತಲೆ ಎತ್ತಲಿಲ್ಲ. ಸಾಹೇಬರು ಎರಡು ಸಾಲು ಬರೆಸಿದರು. ಬೆಂಚ್ ಕ್ಲರ್ಕು ಫೈಲು ಕಟ್ಟಿ ಬೇರೆ ರಾಶಿಗೆ ಇಟ್ಟರು. ಮುಗಿದ ಕೇಸುಗಳ ರಾಶಿ ಅದು.

"ಯಾವ ತಾರೀಕ್ರೀ?" ಎಂದು ಪಿಸುಗುಟ್ಟಿದೆ.

"ತಾರೀಕು ಎಲ್ಲಿಂದು? ಫಿರ್ಯಾದಿ ಗೈರು. ಫಿರ್ಯಾದು ವಜಾ, ಆರೋಪಿ ಖುಲಾಸೆ."

"ಸರ್ಕಾರಿ ವಕೀಲ್ರು ಇದ್ದಾರಲ್ರೀ?"

ಕ್ಲರ್ಕು ನನ್ನನ್ನು ಹುಚ್ಚನಂತೆ ನೋಡಿದರು. "ಇದು ಖಾಸಗಿ ಫಿರ್ಯಾದು ರೇವಣಪ್ಪಾ. ಸರ್ಕಾರಕ್ಕೇನು ಸಂಬಂಧ? ಇದರಾಗ ಆ ಹೆಣಮಗಳೇ ಪ್ರಾಸಿಕ್ಯೂಷನ್. ಆಕೀನೇ ಬರಲಿಲ್ಲ ಅಂದ್ರ ನಡಸೋರು ಯಾರು?"

ಇಪ್ಪತ್ತು ವರ್ಷ ನಾನು ಧೂಳು ಒರೆಸಿದ ಕುರ್ಚಿಗೂ ನನ್ನ ಅಕ್ಕನಿಗೂ ಏನೇನೂ ಸಂಬಂಧವಿರಲಿಲ್ಲ. ಪ್ರಾಸಿಕ್ಯೂಷನ್ ಕೆಳಗೆ ಬೇವಿನ ಗಿಡದ ಕೆಳಗೆ ಇಳಕಲ್ ಸೀರೆಯುಟ್ಟು ಕುಳಿತಿತ್ತು, ನನ್ನ ಕೂಗಿಗೆ ಕಾಯುತ್ತ. ಅದನ್ನು ಅಲ್ಲಿ ಕೂರಿಸಿದವನೂ ನಾನೇ.

ಆಗಲೂ ಓಡಬಹುದಿತ್ತು. ಸಾಹೇಬರ ಮುಂದೆ ಹೋಗಿ, ತಪ್ಪು ನನ್ನದು, ಮೆಟ್ಟಿಲಿಗೆ ಹೋಗಿ ಕೂಗಲಿಲ್ಲ, ಫಿರ್ಯಾದಿ ಕೆಳಗೇ ಇದ್ದಾಳೆ ಎನ್ನಬಹುದಿತ್ತು. ನೌಕರಿಗೆ ಏನಾದೀತೋ ಎಂದು ಕಾಲು ಏಳಲಿಲ್ಲ. ಮುಂದಿನ ಹೆಸರು ಬಂತು, ಕೂಗಿದೆ. ಅದನ್ನು ಮೆಟ್ಟಿಲಿಗೆ ಹೋಗಿಯೇ ಕೂಗಿದೆ. ಆದರೆ ಕೆಳಗೆ ನೋಡಲಿಲ್ಲ.

ಮಧ್ಯಾಹ್ನ ಬಿಡುವಿನಲ್ಲಿ ಅಕ್ಕ ಮೇಲೆ ಬಂದಳು. "ಯಾಕೋ, ನನ್ನ ಹೆಸರ ಇನ್ನಾ ಬಂದಿಲ್ಲೇನು?"

"ಬಂದು ಹೋಯ್ತಕ್ಕಾ."

"ಯಾವಾಗ?"

"ಮೂರು ಸಲ ಕೂಗ್ದೆ. ನೀ ಬರ್ಲಿಲ್ಲ. ಕೇಸು ವಜಾ ಆಯ್ತು."

ಅವಳು ಕೈ ಎತ್ತಿ ಬಲಗಿವಿ ಮುಟ್ಟಿ ನೋಡಿಕೊಂಡಳು. "ನಾ ಇಲ್ಲೇ ನೋಡ್ಕೋತ ಕುಂತಿದ್ನಲ್ಲೋ. ನನಗ ಕೇಳ್ಸಲೇ ಇಲ್ಲ," ಎಂದಳು. ನನ್ನ ಮೇಲೆ ಒಂದು ಎಳೆ ಅನುಮಾನವೂ ಆ ಮುಖದಲ್ಲಿರಲಿಲ್ಲ.

ಆ ವಾರ ಅವಳ ಜೊತೆ ಖೂಬಾ ಪ್ಲಾಟಿಗೆ ನಾನೂ ಹೋಗಬೇಕಾಯಿತು. ವಕೀಲ ಮೇಡಮ್ಮಿಗೆ ತಾವು ಆ ಹೊತ್ತಿಗೆ ಬರಲಿಲ್ಲವೆಂದು ಬೇಸರವಿತ್ತು. ಮೇಲ್ಮನವಿಗೆ ಹೈಕೋರ್ಟಿನ ಅನುಮತಿ ಕೇಳಬಹುದು ಎಂದರು. "ಆದರೆ ಬಲವಾದ ಕಾರಣ ಬೇಕು. ಫಿರ್ಯಾದಿ ಆವರಣದಲ್ಲೇ ಇದ್ದರು, ಕೂಗು ಅವರಿಗೆ ಮುಟ್ಟಲಿಲ್ಲ ಎಂದು ತೋರಿಸಬೇಕು. ಆ ದಿನ ಕೂಗಿದ ಜವಾನ ಯಾರು ಗೊತ್ತೇನು? ಮೆಟ್ಟಿಲಿಗೆ ಬಂದು ಕೂಗಲಿಲ್ಲ ಎಂದು ಅವರು ಒಂದು ಅಫಿಡವಿಟ್ ಕೊಟ್ಟರೆ ದಾರಿಯಿದೆ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಕೂಗಿದಾಂವ ಇವನೇ ರೀ ಮೇಡಂ, ನನ್ನ ತಮ್ಮ. ಆಂವ ಮೂರ್ ಸಲ ಕೂಗ್ಯಾನ. ಇವನ ಕಡಿಂದ ಸುಳ್ಳ ಬರಸೂದು ಬ್ಯಾಡ್ರಿ, ನೌಕರಿ ಮನಶ್ಯಾ. ನನ್ನ ಕಿವೀನೇ ಹಾಳಾಗ್ಯಾವ."

ಮೇಡಂ ನನ್ನ ಕಡೆ ನೋಡಿದರು. "ಹೌದೇನ್ರಿ, ಮೂರು ಸಲ ಕೂಗಿದ್ರಾ?"

"ಹೌದ್ರಿ," ಎಂದೆ.

ಇದು ನನ್ನ ಎರಡನೆಯ ತಪ್ಪು. ಮೊದಲನೆಯದನ್ನು ಅದರ ಪರಿಣಾಮ ತಿಳಿಯದೆ ಮಾಡಿದೆ ಎಂದು ಅರ್ಧ ಸಮಾಧಾನ ಮಾಡಿಕೊಳ್ಳಬಹುದು. ಇದನ್ನು ತಿಳಿದೇ ಮಾಡಿದೆ. ಮೇಲ್ಮನವಿಯ ಗಡುವು ನೋಡನೋಡುತ್ತ ಕಳೆದುಹೋಯಿತು.

ಬಸವಂತರಾಯರು ಅಮಾವಾಸ್ಯೆಯೊಳಗೆ ತಪ್ಪೊಪ್ಪಿಕೊಳ್ಳಲಿಲ್ಲ. ಊರಲ್ಲಿ ತಿರುಗಿ, "ಕೋರ್ಟೇ ನನ್ನ ಖುಲಾಸೆ ಮಾಡ್ಯಾದ. ಎಣ್ಣಿ ಕದ್ದದ್ದು ಖರೇ ಅಂತ ಆಯ್ತಲ್ಲ?" ಎಂದರು. ಕೋರ್ಟು ಹಾಗೆ ಹೇಳಿರಲಿಲ್ಲ. ಎಣ್ಣೆಯ ಮಾತೇ ಅಲ್ಲಿ ಬಂದಿರಲಿಲ್ಲ. ಆದರೆ ಓಣಿಯ ಜನರಿಗೆ ಖುಲಾಸೆ ಎಂದರೆ ಅವನು ಹೇಳಿದ್ದು ನಿಜ ಎಂದೇ. ಅಕ್ಕನ ಬಾಯಿ ಅಲ್ಲಿಗೆ ಕಟ್ಟಿತು.

ಮುಂದಿನ ವರ್ಷಗಳಲ್ಲಿ ಕೋರ್ಟು ಬದಲಾಯಿತು. ಗೋಡೆಗೆ ಟಿವಿಯಂಥ ಪರದೆ ಬಂತು, ಯಾವ ಕೇಸು ನಡೆದಿದೆ ಎಂದು ಅಂಕಿ ಕಾಣುತ್ತದೆ. ವಕೀಲರು ಮೊಬೈಲಿನಲ್ಲೇ ತಾರೀಕು ನೋಡುತ್ತಾರೆ. ಕೂಗು ಕಡಿಮೆಯಾಯಿತು. ಆದರೂ ಹೊಸಬರಿಗೆ ಹೇಳುತ್ತೇನೆ, ಬೇವಿನ ಗಿಡದ ಕೆಳಗೆ ಪರದೆ ಕಾಣುವುದಿಲ್ಲ. ಅಂಕಿ ಓದಲು ಬಾರದವರು ಇನ್ನೂ ಅಲ್ಲಿಯೇ ಕುಳಿತಿರುತ್ತಾರೆ. ಮೆಟ್ಟಿಲ ತನಕ ಹೋಗಿರಿ. ಮತ್ತೊಂದು ಮಾತು. ಪಟ್ಟಿ ಕೈಗೆ ಬಂದ ಕೂಡಲೇ ಮೊದಲ ಹೆಸರು ಯಾರದು ಎಂದು ನೋಡಿರಿ. ಅಲ್ಲಿ ರಾಜ್ಯ ಇದ್ದರೆ ಅದಕ್ಕೆ ಕುರ್ಚಿಯಿದೆ. ಬರೀ ಮನುಷ್ಯರ ಹೆಸರಿದ್ದರೆ, ಅವರಿಗೆ ನಿಮ್ಮ ಕೂಗು ಬಿಟ್ಟು ಇನ್ನೇನೂ ಇಲ್ಲದಿರಬಹುದು.

ನಿವೃತ್ತನಾದ ಮೇಲೆ ಮೊನ್ನೆ ಕಮಲಾಪುರಕ್ಕೆ ಹೋದೆ. ಮೂರು ದಿನ ಉಳಿದೆ. ಅಕ್ಕನ ಮನೆಗೆ ಬಂದವರೆಲ್ಲ ಅವಳ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿದ್ದರು. ಪಕ್ಕದ ಮನೆಯ ಹೆಂಗಸು, "ಕಾಶಕ್ಕಗ ಕಿವಿ ಮಂದ ಅದಾವಲ್ರೀ," ಎಂದಳು. ಎರಡನೆಯ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತ, ಸಕ್ಕರೆ ಇಲ್ಲದ ಚಹಾ ಬೇಕಿತ್ತು ಎಂದು ಗೊಣಗಿಕೊಂಡೆ. ಒಳಗಿನಿಂದ ಅಕ್ಕ, "ಸಕ್ಕರಿ ಹಾಕಿಲ್ಲ ಬಾ," ಎಂದಳು.

ಒಳಗೆ ಹೋಗಿ, "ಅಕ್ಕಾ, ನಿನಗ ಕೇಳ್ತದಲ್ಲ?" ಎಂದೆ.

"ಎಲ್ಲಾ ಕೇಳ್ತದಪಾ. ಆ ದಿನ ಒಂದ ಕೇಳ್ಸಲಿಲ್ಲ ನೋಡು. ಡಾಕ್ಟರ್‌ಗಿ ತೋರ್ಸಿದ್ದೆ. ಕಿವಿ ಚೊಲೋ ಅದಾವ, ಏನೂ ಆಗಿಲ್ಲ ಅಂದ. ಅವಗೇನು ಗೊತ್ತು? ನನ್ನ ತಮ್ಮ ಮೂರು ಸಲ ಕೂಗಿದ್ದು ಕೇಳ್ಸಿಲ್ಲ ಅಂದಮ್ಯಾಲ ಹೆಂಗ ಚೊಲೋ ಅದಾವ್ರೀ ಅಂತ ಕೇಳ್ದೆ." ಅವಳು ನಕ್ಕಳು. "ಅವತ್ತಿಂದ ಎಲ್ಲಾರಿಗೂ ಜೋರ ಮಾತಾಡ್ರಿ ಅಂತೀನಿ. ಮತ್ತ ಯಾವುದರ ತಪ್ಪಿದ್ರ?"

ಡಾಕ್ಟರನ್ನು ನಂಬಲಿಲ್ಲ, ತನ್ನ ಕಿವಿಗಳನ್ನೇ ನಂಬಲಿಲ್ಲ, ನನ್ನನ್ನು ನಂಬಿದ್ದಳು. ಇಷ್ಟು ವರ್ಷ! ನಾನು ಒಲೆಯ ಮುಂದೆ ಕುಳಿತೆ. ಸ್ಟೇಶನ್ ಬಜಾರದ ಚಹಾದಿಂದ ಹಿಡಿದು ಬಾಗಿಲ ಚೌಕಟ್ಟಿನ ತನಕ ಎಲ್ಲ ಹೇಳಿದೆ.

ಅಕ್ಕ ಬೈಯಲಿಲ್ಲ, ಅಳಲಿಲ್ಲ. ಚಹಾದ ಪಾತ್ರೆ ಕೆಳಗಿಳಿಸಿ ಒಲೆ ಆರಿಸಿದಳು.

"ಮೂರನೇದ್ದು ಎಲ್ಲಿ ನಿಂತು ಕೂಗ್ದಿ?"

"ಬಾಗಿಲದಾಗ."

"ಮೆಟ್ಟಲ ಎಷ್ಟ ದೂರ ಇತ್ತು?"

"ಹತ್ತು ಹೆಜ್ಜಿ."

"ನನ್ನ ಕೆಳಗ ಕುಂಡ್ರು ಅಂದಾಂವ ಯಾರು?"

"ನಾನೇ."

ಚಹಾ ಸೋಸಲೇ ಇಲ್ಲ. "ನಾಳಿಗಿ ಸಾಲ್ಯಾಗ ಪಾಲಕರ ಸಭಿ ಅದ. ನನಗೇನು ಮಕ್ಕಳಿಲ್ಲ ಮರಿ ಇಲ್ಲ, ಆದ್ರೂ ಹೋಗ್ತೀನಿ. ನೀನೂ ಬಾ. ಬರ್ತೀಯೋ, ಸಮನ್ಸ್ ಕಳಸ್ಲ್ಯಾ?"

"ಬರ್ತೀನಕ್ಕಾ."

ಸಾಲೆಯ ಅಂಗಳದಲ್ಲಿ ಎಪ್ಪತ್ತು ಎಂಬತ್ತು ಜನ ಚಾಪೆಗಳ ಮೇಲೆ ಕುಳಿತಿದ್ದರು. ಈಗಿನ ಹೆಡ್‌ಮಾಸ್ತರು ಹೊಸಬರು, ಹೊರ ಊರಿನವರು. ಸಭೆ ಮುಗಿಯುತ್ತ ಬಂದಾಗ ಅಕ್ಕ ಎದ್ದು ನಿಂತು, "ಎರಡು ನಿಮಿಷ ಕೊಡ್ರಿ ಮಾಸ್ತರ," ಎಂದಳು. ಹಿಂದಿನಿಂದ ಯಾರೋ "ಎಣ್ಣಿ ಕಾಶಿ" ಎಂದು ಮೆಲ್ಲಗೆ ಅಂದರು. ಅವಳು ತಿರುಗಿ ನೋಡಿ, "ಕೇಳ್ಸಿತು," ಎಂದಳು.

ನನ್ನನ್ನು ಸಾಲೆಯ ಕಟ್ಟೆ ಹತ್ತಿಸಿದಳು. ತಾನು ಕೆಳಗೆ ನಿಂತಳು. ಹಿಂದಿನ ದಿನ ಒಲೆಯ ಮುಂದೆ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದಳು. ನಾನು ಉತ್ತರ ಕೊಟ್ಟೆ. ಬಸವಂತರಾಯರು ಹೋಟೆಲಿನಲ್ಲಿ ಏನು ಹೇಳಿದರು ಎಂದು ಕೇಳಿದಳು. ಬಾಯಿ ತಪ್ಪಿ ಬಂತು, ಸಾಲೆಯಲ್ಲಿ ತಪ್ಪಾಯಿತು ಅನ್ನುತ್ತೇನೆ ಎಂದಿದ್ದರು ಎಂದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕುಳಿತಿದ್ದ ಒಬ್ಬ ಮುದುಕಿ, "ಅಯ್ಯ ಶಿವನೇ, ಒಡಹುಟ್ಟಿದಾಂವ ಹಿಂಗ ಮಾಡ್ದ್ಯಾ?" ಎಂದಳು. ನನಗೆ ತಡೆಯಲಾಗಲಿಲ್ಲ. "ನಮ್ಮಕ್ಕ ಎಣ್ಣಿ ಕದ್ದಿಲ್ರೀ! ಒಂದು ಹನಿ ಕದ್ದಿಲ್ಲ!" ಎಂದು ಕೈ ಮುಗಿದೆ.

ಅಕ್ಕ ಕೈ ಎತ್ತಿ ತಡೆದಳು. "ಅದು ನಿನಗ ಗೊತ್ತಿಲ್ಲ. ಆವಾಗ ನೀ ಇಲ್ಲಿ ಇರಲಿಲ್ಲ. ನೀ ಮಾಡಿದ್ದು, ನೀ ಕೇಳಿದ್ದು, ಅಷ್ಟೇ ಹೇಳು. ಕದ್ದಿಲ್ಲ ಅಂತ ನಾ ಹೇಳ್ತೀನಿ."

ಮೂವತ್ತೊಂದು ವರ್ಷದಲ್ಲಿ ಎಷ್ಟು ಜನ ಸರ್ಕಾರಿ ವಕೀಲರನ್ನು ನೋಡಿದ್ದೆ. ಸಾಕ್ಷಿಯೊಬ್ಬ ತಮ್ಮ ಪರವಾಗಿ ಹೆಚ್ಚು ಹೇಳಲು ಹೋದಾಗ ಹೀಗೆ ತಡೆದವರನ್ನು ನೋಡಿರಲಿಲ್ಲ.

"ಹಿಂದಿನವ್ರಿಗಿ ಕೇಳ್ಸಿಲ್ರೀ," ಎಂದು ಗೇಟಿನ ಕಡೆಯಿಂದ ಯಾರೋ ಅಂದರು. ಗೇಟಿನ ಎದುರಿನ ಮನೆ ಬಸವಂತರಾಯರದು. ಈಗ ಅವರಿಗೆ ಕಾಲು ನೋವು, ದಿನವೆಲ್ಲ ಪಡಸಾಲೆಯಲ್ಲೇ ಕುಳಿತಿರುತ್ತಾರೆ. ಬಾಗಿಲು ತೆರೆದಿತ್ತು.

ಅಕ್ಕ ನನ್ನ ಕಡೆ ನೋಡಿದಳು. "ಗೇಟಿನ ತನಕ ಹೋಗಿ ಹೇಳು," ಎಂದಳು.

ನಾನು ಕಟ್ಟೆ ಇಳಿದು ಹೋದೆ. ಆ ಮನೆಯ ಕಡೆ ಮುಖ ಮಾಡಿ ನಿಂತೆ, ಉಸಿರು ತುಂಬಿಕೊಂಡೆ, ಮೊದಲಿನಿಂದ ಹೇಳಲು ಸುರುಮಾಡಿದೆ.